ಸಕ್ಕರೆ ಗಿಳಿಯ ಕತ್ತು

ಕಟ್ಟು, ಕಟ್ಟು. ಎಲ್ಲಾ ಕಟ್ಟಿಡು. ಆ ತಿರುಗೋ ಮಣೆ, ಆ ಪುಟ್ಟ ಲಟ್ಟಣಿಗೆ, ಹೂವಿನ ದಳ ಒತ್ತೋ ಆ ಪ್ಲಾಸ್ಟಿಕ್ಕು... ಒಂದೂ ಬಿಡಬೇಡ. ಅಟ್ಟದ ಮೇಲೆ ಜಾಗ ಐತೆ, ರಾಗಿ ಚೀಲದ ಪಕ್ಕ ತಳ್ಳಿಬಿಡು. ನಾನು ಮೊದಲೇ ಹೇಳಿದ್ದೆ ಕಣೇ ಚಂದನಾ. ಹೇಳಿದ್ನಾ, ಇಲ್ವಾ? ಅತ್ತೆ ಮಾತು ಅಂದ್ರೆ ಈಗಿನ ಸೊಸೆಯರಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ... ಏನು? ಹಂಗೆ ಕಣ್ಣು ಬಿಡ್ಬೇಡ. ಏನಿದ್ರೂ ಬಾಯಿ ಬಿಟ್ಟು ಹೇಳು.

ಹೇಳಲ್ಲ. ಸರಿ. ದೊಡ್ಡಬಳ್ಳಾಪುರದ ಆ ಛತ್ರದಿಂದ ದೊಡ್ಡಬೆಳವಂಗಲದ ತನಕ ಆಟೋದಲ್ಲಿ ತೊಡೆಗೆ ತೊಡೆ ತಾಗಿಸ್ಕೊಂಡು ಕೂತ್ಕೊಂಡು ಬಂದ್ವಿ, ತುಟಿ ಪಿಟಕ್ ಅನ್ನಲಿಲ್ಲ ನೀನು. ಆಟೋದವನು ಕೂಡ ತಿರುಗಿ ತಿರುಗಿ ನೋಡ್ದ, ಯಾರಾದ್ರೂ ಹೋಗ್ಬಿಟ್ರೇನೋ ಅಂತ! ಹೋಗಿದ್ದು ಯಾರು? ಒಂದು ಗಿಳಿ. ಸಕ್ಕರೆ ಗಿಳಿ.

ಆದ್ರೂ ಎಂಥಾ ಹೊತ್ನಲ್ಲಿ ಹೋಯ್ತು ನೋಡು! ಹನುಮಂತರಾಯಪ್ಪನ ಮಗಳ ನಿಶ್ಚಿತಾರ್ಥ, ಹೋಬಳಿಗೆ ಹೋಬಳಿನೇ ಬಂದು ಕೂತೈತೆ. ನೀನು ಮಾಡಿದ ಮೂರು ಅಂತಸ್ತಿನ ಕೇಕು, ತುದೀಲಿ ಜೋಡಿ ಗಿಳಿ, ಹೆಣ್ಣು ಗಿಳಿಗೆ ಮೂಗುತಿ ಬೇರೆ! ಹುಡುಗ ಹುಡುಗಿ ಚಾಕು ಹಿಡ್ಕೊಂಡು ಇನ್ನೇನು ಕುಯ್ಯಬೇಕು... ಮೂಗುತಿ ಗಿಳಿ ಕತ್ತು ಮೆತ್ತಗೆ ಬಾಗ್ತು... ಬಾಗ್ತು... ಬಾಗ್ತು... ಟಪ್! ಹುಡುಗನ ಶೂ ಮೇಲೆ! ಆ ಫೋಟೋದವನಿಗೆ ಬುದ್ಧಿ ಬೇಡ್ವಾ, ಅದನ್ನೂ ಕ್ಲಿಕ್ಕಿಸ್ದ.

ನಗು ಬರ್ತದಾ? ಅಲ್ಲ, ಅಳುನಾ? ಯಾವ್ದೋ ಒಂದು. ಸೆರಗಲ್ಲಿ ಮುಖ ಮುಚ್ಕೊಂಡ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?

ಗೋಂದಂತೆ, ಗೋಂದು! ತಿನ್ನೋ ಗೋಂದು! ನಮ್ಮ ಕಾಲದಲ್ಲಿ ಗೋಂದು ಅಂದ್ರೆ ಅಂಚೆ ಕಚೇರೀಲಿ ಇರ್ತಿತ್ತು, ಕವರ್ ಅಂಟಿಸೋಕೆ. ಅದನ್ನ ಮದುವೆ ಮನೆಯೋರಿಗೆ ತಿನ್ನಿಸ್ತಾರಂತೆ. ಒಂದ್ಸಲ ಅಂದಿದ್ದೆ ನೀನು, ನೆನಪೈತೆ ನಂಗೆ, ‘ಅತ್ತೆ, ನೀವು ಬಾಣಂತಿಗೆ ಅಂಟಿನುಂಡೆ ಮಾಡಿ ಕೊಡಲ್ವಾ, ಅದೂ ಗೋಂದೇ ಅಲ್ವಾ’ ಅಂತ. ಎಲ್ಲಿಂದ ಎಲ್ಲಿಗೆ! ಅದು ಮರದ ಅಂಟು, ಸೊಂಟಕ್ಕೆ ಬಲ. ನಿಂದು ಯಾವ್ದೋ ಸಿಎಂಸಿ ಪೌಡರ್. ಹೆಸರು ನೋಡಿದ್ರೆ ನಗರಸಭೆಯೋರು ಚರಂಡಿಗೆ ಉದುರಿಸೋ ಪುಡಿ ಇದ್ದಂಗೆ ಐತೆ! ಅದನ್ನ ಆ ರಬ್ಬರಿನಂಥ ಸಕ್ಕರೆ ಹಿಟ್ಟಿಗೆ ನಾದಿದ್ರೆ ಹಿಟ್ಟು ಗಟ್ಟಿಯಾಗಿ ಹೂವು ನೆಟ್ಟಗೆ ನಿಲ್ತದಂತೆ. ಅದನ್ನೇ ನೀರಿಗೆ ಹಾಕಿದ್ರೆ ಗೋಂದಾಗ್ತದಂತೆ. ಶಕ್ತಿ ಕೊಡೋ ಪುಡಿ! ಎಲ್ಲಿ ಹೋಯ್ತು ಶಕ್ತಿ ಇವತ್ತು?

ನಾನೂ ಗಿಳಿ ಮಾಡ್ತೀನಮ್ಮಾ. ಮೂವತ್ತೊಂದು ವರ್ಷದಿಂದ ಮಾಡ್ತೀನಿ. ಸಂಕ್ರಾಂತಿ ಬಂತು ಅಂದ್ರೆ ಪಿಳ್ಳಮ್ಮನ ಸಕ್ಕರೆ ಅಚ್ಚು ಇಲ್ದೆ ಈ ಸುತ್ತಿನಲ್ಲಿ ಯಾರೂ ಎಳ್ಳು ಬೀರಲ್ಲ. ಏನು ಹಾಕ್ತೀನಿ ಅದಕ್ಕೆ? ಸಕ್ಕರೆ, ಕೊಳೆ ತೆಗೆಯೋಕೆ ಒಂಚೂರು ಹಾಲು, ನೀರಲ್ಲಿ ನೆನೆದ ಮರದ ಅಚ್ಚು. ಆಯ್ತು. ಪಾಕ ನೋಡೋಕೆ ಕಣ್ಣು ಬೇಕು, ಅಚ್ಚು ಬಿಚ್ಚೋಕೆ ಕೈ ಬೇಕು. ಪೌಡರ್ ಬೇಕಾಗಿಲ್ಲ. ಈ ಸಲ ಪಕ್ಕದ್ಮನೆ ಮುತ್ತಮ್ಮ ಬಂದು ಏನಂದ್ಲು? ನೀನೂ ಇದ್ಯಲ್ಲ. ‘ಪಿಳ್ಳಕ್ಕಾ, ವರ್ಷಾ ವರ್ಷ ಬುಟ್ಟೀಲಿ ಎರಡು ಮೂರಾದ್ರೂ ಮುರಿದಿರ್ತಿದ್ವು, ಈ ಸಲ ಒಂದೂ ಮುರಿದಿಲ್ವಲ್ಲ, ಏನು ಕೈ ಮಾರಾಯ್ತಿ ನಿಂದು’ ಅಂದ್ಲಾ ಇಲ್ವಾ? ಅದು ಕೈ ಅಂದ್ರೆ!

...ಯಾಕೆ ಸುತ್ತೋದು ನಿಲ್ಲಿಸ್ದೆ? ಸುತ್ತು, ಆ ಗಾಜಿನ ಬಟ್ಟಲಿಗೆ ಪೇಪರ್ ಸುತ್ತು, ಒಡೆದೋಗ್ತದೆ.

ಈಗಿನ ಹುಡುಗೀರು ನೀವು ಎಲ್ಲಾನೂ ಅವಸರದಲ್ಲಿ ಮಾಡ್ತೀರ ಕಣೇ. ಫೋನ್‌ನಲ್ಲಿ ಒಬ್ಳು ತೋರಿಸ್ತಾಳೆ, ನೀವು ಮಾಡ್ತೀರ. ಆ ಪುಡಿಗೂ ಒಂದು ಹದ ಇರ್ತದೆ. ಬಿಸಿನೀರಿಗೆ ಸುರಿದ್ಯೋ ಮುಗೀತು ಕಥೆ, ಗಂಟುಗಂಟಾಗಿ ನೆಗಡಿ ಬಂದ ಮೂಗಿದ್ದಂಗಾಗ್ತದೆ, ಚೆಲ್ಲಬೇಕು. ತಣ್ಣೀರಿಗೆ ಚಿಟಿಕೆ ಹಾಕಿ, ಮುಚ್ಚಿಟ್ಟು, ಮಾರನೇ ದಿನದ ತನಕ ಮುಟ್ಟದೆ ಬಿಡ್ಬೇಕು. ಆಗ ಗಾಜಿನಂಗೆ ತಿಳಿಯಾಗಿ, ಒಳ್ಳೆ ಜಿಗುಟು ಬರ್ತದೆ, ಕೊಕ್ಕು ಹಿಡಿದ್ರೆ ಕೊಕ್ಕು, ಬಾಲ ಹಿಡಿದ್ರೆ ಬಾಲ...

ಏನು?

ನಂಗೆ ಹೆಂಗೆ ಗೊತ್ತು ಅಂತಾನಾ? ಅಲ್ವೇ, ಕಿವುಡಿನಾ ನಾನು? ಮೂರು ವರ್ಷದಿಂದ ನನ್ನ ಅಡುಗೆಮನೇಲಿ ಆ ಫೋನು ಗೊಣಗ್ತಾ ಇರ್ತದೆ. ಕಿವಿಗೆ ಬೀಳ್ತದೆ. ಬಿದ್ದದ್ದು ಉಳೀತದೆ. ಅಷ್ಟೆ. ಅದಕ್ಕೆಲ್ಲಾ ಹುಬ್ಬು ಹಾರಿಸ್ಬೇಡ.

ಗಿಳಿ ಬಿದ್ದಿದ್ದು ಮಂಜಿಗೆ ಕಣೇ, ಮಂಜಿಗೆ. ಮೊನ್ನೆ ನೀನೇ ಅಂದ್ಯಲ್ಲ, ‘ಅತ್ತೆ, ಹಿಟ್ಟು ಯಾಕೋ ಮೆತ್ತಗೈತೆ, ಗಿಳಿ ಕತ್ತು ಒಣಗ್ತಾನೇ ಇಲ್ಲ’ ಅಂತ. ಆಗ್ಲೇ ಹೇಳಿದೆ ನಾನು, ಈ ಸಲ ಮಂಜು ಜಾಸ್ತಿ, ಹಂಗಾಗಿರ್ತದೆ, ಫ್ಯಾನ್ ಕೆಳಗಿಡು ಅಂತ. ‘ಇನ್ನೊಂದು ಡಬ್ಬಿ ತಂದು ಹೊಸದಾಗಿ ಮಾಡ್ಲಾ’ ಅಂದೆ ನೀನು. ಬೇಡ ಅಂದಿದ್ದು ನಾನೇ. ಹೌದು, ನಾನೇ. ಇರೋದನ್ನ ಬಿಟ್ಟು ಇನ್ನೊಂದು ತರೋದು ಯಾಕೆ? ಅದರಲ್ಲಿ ನನ್ನ ತಪ್ಪೇನೈತೆ?

ಆ ಕದಿರಮ್ಮ ಒಬ್ಳು! ಹುಡುಗನ ಸೋದರತ್ತೆ ಅಂತ ಜರತಾರಿ ಉಟ್ಕೊಂಡು ಬಂದುಬಿಟ್ರೆ ಆಯ್ತಾ? ‘ಈ ಹುಡುಗಿ ಕೈಗುಣ ಸರಿಯಿಲ್ಲ’ ಅಂತ ಊಟದ ಪಂಕ್ತಿ ತುಂಬಾ ಹೇಳ್ಕೊಂಡು ಬಂದ್ಳು. ಒಂದೊಂದು ಎಲೆ ಹತ್ರನೂ ನಿಂತು! ಪಾಯಸ ಬಡಿಸೋರಿಗಿಂತ ಮುಂದೆ ಇವಳು ಮಾತು ಬಡಿಸ್ತಿದ್ಲು. ಕೈಗುಣ ಕೆಟ್ಟದ್ದು ಅಂದ್ಮೇಲೆ ಇನ್ಯಾರು ಕರೀತಾರೆ ನಿನ್ನ? ನಾಮಕರಣಕ್ಕಾ? ಸೀಮಂತಕ್ಕಾ? ಊಟ ಮುಗಿಯೋ ಅಷ್ಟ್ರಲ್ಲಿ ನಿನ್ನ ಫೋನ್ ಎರಡು ಸಲ ಹೊಡ್ಕೊಳ್ತು, ಎರಡೂ ಆರ್ಡರ್ ಬೇಡ ಅಂದೋರೇ. ಕೇಕು ಸುಟ್ರೆ ಇನ್ನೊಂದು ಬೇಯಿಸ್ಬಹುದು. ಕೈಗುಣ ಹೋದ್ರೆ ಹೋಯ್ತು. ಈ ಕಡೆಯೋರಿಗೆ ಅದನ್ನ ತಿದ್ದಿ ಹೇಳೋಕೆ ಬ್ರಹ್ಮ ಇಳಿದು ಬಂದ್ರೂ ಆಗಲ್ಲ.

ಅದಕ್ಕೇ ಅಂದೆ, ಕಟ್ಟಿಡು ಅಂತ. ನಿನ್ನ ಗಂಡ ಕಾಂತರಾಜು ದಾಬಸ್‌ಪೇಟೆಯಿಂದ ಶಿಫ್ಟು ಮುಗಿಸ್ಕೊಂಡು ಬರ್ತಾನೆ, ಅವನಿಗೂ ಇಷ್ಟೇ ಹೇಳು. ಬೇಜಾರಾಯ್ತು, ಬಿಟ್ಟೆ ಅಂತ. ಮುಗೀತು.

...ಬಿಟ್ಟೆ ಅಂತ ಹೇಳೋಕೆ ಅಷ್ಟು ಕಷ್ಟಾನಾ? ಆ ಬೆರಳು ನೋಡು, ಒಂದೊಂದು ಸಾಮಾನೂ ಮಗು ಮಲಗಿಸಿದಂಗೆ ಇಡ್ತೀಯಾ. ಎಸಿ ಅತ್ಲಾಗೆ! ನನ್ನ ಹೊಟ್ಟೆ ಉರಿಸ್ಬೇಡ.

ಆಗಲಿ, ಮಂಜಲ್ಲ ಅಂತೀಯಾ? ತಲೆ ಆಡಿಸ್ತೀಯಾ? ಹಂಗಾದ್ರೆ ಅಂಗಡಿಯವನು. ಆ ಬೆಂಗಳೂರಿನ ಅಂಗಡಿಗಳನ್ನ ನಂಬ್ತಾರಾ ಯಾರಾದ್ರೂ? ಹಾಲಿಗೆ ನೀರು, ಖಾರದ ಪುಡಿಗೆ ಇಟ್ಟಿಗೆ ಪುಡಿ. ಇದಕ್ಕೂ ಬೆರೆಸಿರ್ತಾನೆ. ಅರ್ಧಕ್ಕರ್ಧ ಕಾರ್ನ್‌ಫ್ಲೋರ್ ತುಂಬಿ, ಚೆನ್ನಾಗಿ ಕುಲುಕಿ, ಮುಚ್ಚಳ ಬಿಗಿ ಮಾಡಿಟ್ರೆ ಯಾರಿಗೆ ಗೊತ್ತಾಗ್ತದೆ? ಎರಡೂ ಬೆಳ್ಳಗೇ...

ಸುಮ್ನೆ ಅಂದೆ. ಒಂದು ಮಾತಿಗೆ ಕಾರ್ನ್‌ಫ್ಲೋರ್ ಅಂದೆ. ಮೈದಾನೂ ಇರ್ಬಹುದು.

ಆ ಡಬ್ಬಿ ಯಾಕೆ ನನ್ನ ಮುಂದೆ ತಂದಿಡ್ತೀಯಾ? ಎತ್ತು. ಎತ್ತೇ ಅಂದೆ! ಅತ್ತೆ ಮುಂದೆ ಹಿಂಗೆ ಪಂಚಾಯ್ತಿ ಮಾಡೋದು ನಿಮ್ಮ ತಾಯಿ ಮನೇಲಿ ಕಲಿಸಿದ್ರಾ? ಬಿಚ್ಚಬೇಡ ಮುಚ್ಚಳ. ನಂಗೆ ಕಣ್ಣು ಕಾಣಲ್ಲ, ನಾನೇನು ನೋಡ್ಲಿ ಅದರಲ್ಲಿ...

ಮಾತಾಡೇ. ಬೈಯಾದ್ರೂ ಬೈಯೇ. ಹಿಂಗೆ ಕಲ್ಲಿನಂಗೆ ಕೂತ್ರೆ ನಾನು ಯಾರ ಹತ್ರ ಜಗಳ ಆಡ್ಲಿ?

...

ಹೂಂ. ತಗೊಂಡೆ.

ತಗೊಂಡೆ ಕಣೇ. ಹಬ್ಬಕ್ಕೆ ವಾರ ಇತ್ತು, ನೀನು ತಾಯಿ ಮನೆಗೆ ಹೋಗಿದ್ದೆ. ಇಲ್ಲಿ ನೋಡು, ಈ ಕೈ ನೋಡು. ಹಿಡ್ಕೋ. ನೋಡಿದ್ಯಾ? ನಿಲ್ಲಲ್ಲ ಅದು. ಕಾರ್ತೀಕದಿಂದ ಹಿಂಗೇ. ಕಾಫಿ ಲೋಟ ಎರಡು ಕೈಯಲ್ಲಿ ಹಿಡೀತೀನಿ, ಚಳಿ ಅಂತ ಹೇಳ್ತೀನಿ ನಿಮ್ಗೆಲ್ಲಾ. ಅಚ್ಚು ಬಿಚ್ಚೋಕೆ ಹೋದ್ರೆ ಎಂಟು ಗಿಳೀಲಿ ಆರಕ್ಕೆ ಕತ್ತಿಲ್ಲ. ಆನೆಗೆ ಸೊಂಡಿಲಿಲ್ಲ. ಕರಗಿಸ್ದೆ, ಮತ್ತೆ ಹುಯ್ದೆ, ಮತ್ತೆ ಮುರೀತು. ಸಕ್ಕರೆ ಕೆಂಪಾಗೋ ತನಕ ಹುಯ್ದೆ. ಒಲೆ ಮುಂದೆ ಕೂತು ಅತ್ತುಬಿಟ್ಟೆ ಕಣೇ, ಹೊಗೆ ಇಲ್ದ ಗ್ಯಾಸ್ ಒಲೆ ಮುಂದೆ.

ಆಮೇಲೆ ನಿನ್ನ ಡಬ್ಬಿ ಕಣ್ಣಿಗೆ ಬಿತ್ತು. ಮೊದಲು ಬಿಸಿನೀರಿಗೆ ಸುರಿದು ಹಾಳು ಮಾಡಿದೆ, ಅಷ್ಟೊಂದು ಚೆಲ್ಲಿದೆ. ಆಮೇಲೆ ತಣ್ಣೀರಲ್ಲಿ ಬಂತು. ನಿನ್ನ ಸಣ್ಣ ಕುಂಚ ತಗೊಂಡು, ಒಂದೊಂದೇ ಕತ್ತು ಅಂಟಿಸ್ದೆ. ಎಷ್ಟು ಗಟ್ಟಿ ಹಿಡ್ಕೊಳ್ತು ಗೊತ್ತಾ! ಗೆರೆ ಕೂಡ ಕಾಣಲಿಲ್ಲ. ಒಳ್ಳೆ ಪುಡಿ ಕಣೇ ಅದು. ಮುರಿದ ಅಚ್ಚು ಬೀರಬಾರದು, ಮನೆಗೆ ಒಳ್ಳೇದಲ್ಲ ಅಂತ ನೀನು ಹೊಸದಾಗಿ ಬಂದ ವರ್ಷ ನಿಂಗೆ ಹೇಳಿಕೊಟ್ಟೋಳು ನಾನು. ಈ ಸಲ ಊರಿಗೆಲ್ಲಾ ಮುರಿದದ್ದನ್ನೇ ಬೀರಿದೆ. ಮುತ್ತಮ್ಮ ಹೊಗಳಿದ್ದು ನಿನ್ನ ಗೋಂದನ್ನ.

ಡಬ್ಬಿ ಅರ್ಧ ಆಗಿತ್ತು. ಗೋಬಿ ಮಂಚೂರಿಗೆ ಅಂತ ಕಾಂತರಾಜು ತಂದಿದ್ದ ಕಾರ್ನ್‌ಫ್ಲೋರ್ ಪೊಟ್ಟಣ ಇತ್ತಲ್ಲ, ಅದನ್ನ ತುಂಬಿದೆ. ಗಿಳಿ ಕತ್ತಿಗೆ ಬರ್ತದೆ ಅಂತ ಅನ್ನಿಸಲಿಲ್ಲ ನಂಗೆ, ಆಣೆ ಮಾಡ್ತೀನಿ. ಕೇಳಿದ್ರೆ ಕೊಡ್ತಿದ್ದೆ ನೀನು. ಗೊತ್ತು. ನೀನೇ ಕೂತ್ಕೊಂಡು ಅಂಟಿಸಿ ಕೊಡ್ತಿದ್ದೆ. ಮೂರು ವರ್ಷ ಅದನ್ನ ಬಾಯಿಗೆ ಬಂದಂಗೆ ಆಡ್ಕೊಂಡಿದ್ದೆ, ಕೇಳೋಕೆ ನಾಲಿಗೆ ಏಳಲಿಲ್ಲ. ಜಂಬ ಕಣೇ. ಸುಡುಗಾಡು ಜಂಬ.

ಹೇಳ್ಬಿಟ್ಟೆ. ಆಯ್ತಲ್ಲ...

ಯಾಕೆ, ಬೆಚ್ಚಿ ಬೀಳಲಿಲ್ಲ ನೀನು? ಅತ್ತೆ ಕಳ್ಳಿ ಅಂತ ಬಾಯಿ ಬಡ್ಕೊಳ್ಳಲಿಲ್ಲ? ...ಗೊತ್ತಿತ್ತಾ? ಯಾವಾಗಿಂದ? ಓಹ್... ಛತ್ರದ ಅಡುಗೆಮನೇಲಿ ನೀನು ಡಬ್ಬಿ ತೆಗೆದು, ಬೆರಳು ಒದ್ದೆ ಮಾಡ್ಕೊಂಡು, ಪುಡಿ ಉಜ್ಜಿ ನೋಡ್ತಿದ್ದೆ. ಜಿಗುಟು ಬರಲಿಲ್ಲ, ಅಲ್ವಾ? ಆಗ್ಲೇ ತಿಳೀತು ನಿಂಗೆ. ತಿಳಿದೂ ಹೊರಗೆ ಬಂದು ಹನುಮಂತರಾಯಪ್ಪನ ಮುಂದೆ ಕೈ ಮುಗಿದು ‘ನನ್ನ ಕೈ ತಪ್ಪು ಅಣ್ಣಾ’ ಅಂದ್ಯಾ? ನನ್ನ ಹೆಸರು ಹೇಳ್ಬಹುದಿತ್ತು. ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದೆ ನಾನು.

ನಾಳೆ ಬೆಳಿಗ್ಗೆ ಹೋಗ್ತೀನಿ. ಅವರ ಮನೆಗೆ ನಾನೇ ಹೋಗಿ ಹೇಳ್ತೀನಿ, ಬಿಡು. ನೀನು ಇವನ್ನೆಲ್ಲಾ ಬಿಚ್ಚು. ಬಿಚ್ಚೇ. ತಪ್ಪು ಒಪ್ಕೊಂಡೆನಲ್ಲ... ಇನ್ನೂ ಯಾಕೆ ಹಂಗೇ ನೋಡ್ತೀಯಾ?

ಏನು ಬಾಕಿ ಐತೆ ಇನ್ನು?

...

ನೀನು... ನೀನು ಅಡುಗೆಮನೇಲಿ ಇದ್ದೆ. ಬಾಗಿಲು ತೆಗೆದಿತ್ತು. ನಾನು ಕದಿರಮ್ಮನ ಜೊತೆ ಹೊರಗೆ, ಅಲ್ಲೇ ಗೋಡೆ ಪಕ್ಕ...

ಕೇಳಿಸ್ಕೊಂಡ್ಯಾ?

ಅವಳು ಒಳ್ಳೇ ಮಾತೇ ಆಡಿದ್ಲು ಕಣವ್ವಾ. ‘ಹೋಗ್ಲಿ ಬಿಡಿ ಅಕ್ಕಾ, ಸಕ್ಕರೆ ತಾನೆ, ಪಾಪ ಹುಡುಗಿ, ಪುಡಿ ಏನಾದ್ರೂ ಕೆಟ್ಟಿತ್ತೇನೋ ನೋಡಿ’ ಅಂದ್ಲು. ಪುಡಿ ಅಂದ ತಕ್ಷಣ ಹೆದರಿಬಿಟ್ಟೆ ನಾನು. ಡಬ್ಬಿ ಹತ್ರ ಯಾರಾದ್ರೂ ಹೋಗ್ಬಿಟ್ರೆ ಅಂತ... ಕೈಗುಣದ ಮಾತು ಅವಳ ಬಾಯಿಗೆ ಹಾಕಿದ್ದು ನಾನು. ‘ಪುಡಿ ಚೆನ್ನಾಗೇ ಐತೆ ಕದಿರಮ್ಮಾ, ನಮ್ಮ ಹುಡುಗಿ ಕೈಗುಣವೇ ಅಷ್ಟು’ ಅಂತ ನಾನೇ ಅಂದೆ.