ಕಾರಭಾರಿ ಕಾದ ಕೋಣೆ

ಅಡುಗೆಮನೆಗೆ ಬೀಗ ಹಾಕಿ ನೀಲಾಬಾಯಿ ಮಲಗಲು ತನ್ನ ಖೋಲಿಗೆ ಹೋಗೋಣವೆಂದು ಹಿತ್ತಲ ಬಾವಿಯ ಪಕ್ಕದ ದಾರಿ ಹಿಡಿದಾಗ ರಾತ್ರಿ ಬಹಳವಾಗಿತ್ತು. ನಮ್ಮ ದೊಡ್ಡವ್ವನ ಮಗಳು ಆಕೆ. ವಿಲೆ ಪಾರ್ಲೆಯ ಹಳೇ ಬಂಗಲೆಯೊಂದರಲ್ಲಿ ಅಡುಗೆಗಿದ್ದಳು.

ಬಂಗಲೆ ಅಪ್ಪಾಸಾಹೇಬರದು. ಒಂದು ಕಾಲಕ್ಕೆ ನಮ್ಮ ಕಡೆಯ ಸಣ್ಣ ಸಂಸ್ಥಾನದ ದೊರೆ ಮನೆತನ. ರಾಜ್ಯ ಹೋಗಿ ಎಷ್ಟೋ ಕಾಲವಾಗಿತ್ತು, ದರ್ಬಾರಿನ ಜಗಳ ಮಾತ್ರ ಹೋಗಿರಲಿಲ್ಲ. ಒಂದು ಕಡೆ ಸಾಹೇಬರ ನೆಚ್ಚಿನ ಕಾರಭಾರಿ ಭೀಮರಾಯ, ಮನೆ-ಆಸ್ತಿಯ ವ್ಯವಹಾರವೆಲ್ಲ ಅವನ ಕೈಯಲ್ಲೇ. ಇನ್ನೊಂದು ಕಡೆ ಮೊಮ್ಮಗ ಶಶಿಕಾಂತ, ತಂದೆತಾಯಿ ಇಲ್ಲದವನು, ಇನ್ನೂ ಕಾಲೇಜು. ಲಕ್ವಾ ಹೊಡೆದು ಸಾಹೇಬರ ಬಲಗೈ, ಬಲಗಾಲು ಬಿದ್ದುಹೋಗಿದ್ದೇ ತಡ, ಭೀಮರಾಯ ಶಶಿಕಾಂತನನ್ನು ಅಂಧೇರಿಯ ಹಾಸ್ಟೆಲಿಗೆ ಸಾಗಹಾಕಿದ. ಗೇಟಿನೊಳಗೆ ಬಿಡಬೇಡ ಅಂತ ವಾಚ್‌ಮನ್‌ಗೆ ತಾಕೀತು ಬೇರೆ. ಆವತ್ತಂತೂ ಮಧ್ಯಾಹ್ನದಿಂದ ಸಾಹೇಬರ ಕೋಣೆಗೆ ನೀಲಾಬಾಯಿಯನ್ನೂ ಬಿಟ್ಟಿರಲಿಲ್ಲ. ಗಂಜಿ ಹಾಗೇ ಆರಿತ್ತು.

ದೂರದಲ್ಲಿ ಲೋಕಲ್ ರೈಲು ಹಾದುಹೋದ ಸದ್ದು. ಆಮೇಲೆ ನಿಶ್ಶಬ್ದ. ಆಮೇಲೆ...

ಟಕ್.

ಕಲ್ಲಿನ ಮೇಲೆ ಬೆತ್ತ ಊರಿದ ಹಾಗೆ. ಟಕ್... ಸರ್ರ್... ಟಕ್.

ಬಾವಿಕಟ್ಟೆಯ ಹತ್ತಿರ ಅಪ್ಪಾಸಾಹೇಬರು ನಿಂತಿದ್ದರು. ಆರು ತಿಂಗಳಿಂದ ಹಾಸಿಗೆ ಬಿಟ್ಟು ಏಳದವರು!

"ಸಾಹೇಬ್ರ... ಎದ್ದು ಬಂದ್ರ್ಯಾ?"

"ನೀಲಾ," ಅಂದರು. ಬರೀ ಉಸಿರು, ದನಿಯೇ ಇಲ್ಲ. "ಶಶೀನ್ನ ಕರಸು. ಲಗೂನ. ನನ್ನ ಕೈಲೆ ಇನ್ನ ಆಗೂದಿಲ್ಲ..."

ಆಕೆ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ.

ಅಲ್ಲೇ ನಿಂತು ಹುಡುಗನಿಗೆ ಫೋನ್ ಮಾಡಿದಳು. ಶಶಿಕಾಂತ ರಿಕ್ಷಾ ಹಿಡಿದು ಬಂದ. ವಾಚ್‌ಮನ್ ಕಣ್ಣು ತಪ್ಪಿಸಿ ಹಿತ್ತಲಿಂದ ಬರಮಾಡಿ, ಅಡುಗೆಮನೆ ಬಾಗಿಲಿಂದ ಒಳಗೆ ಕರಕೊಂಡು ಹೋದಳು. ಕೋಣೆಯ ಮುಂದೆ ಭೀಮರಾಯ ಕುರ್ಚಿ ಹಾಕಿಕೊಂಡು ಕೂತಿದ್ದ.

"ಸಾಹೇಬ್ರು ನಿದ್ದ್ಯಾಗ ಅದಾರ. ನಾಳೆ ಬಾ," ಅಂದ ಹುಡುಗನಿಗೆ.

"ಈಗಿನ್ನ ಬಾವಿ ಹತ್ರ ನನ್ನ ಜೋಡಿ ಮಾತಾಡಿದ್ರಲ್ರೀ!" ಅಂದಳು ನೀಲಾಬಾಯಿ.

ಭೀಮರಾಯನ ಮುಖ ಬಿಳಿಚಿತು. "ಹೆಂಗ... ಮಧ್ಯಾಹ್ನನ ಹೋಗ್ಯಾರಲ್ಲ ಅವ್ರು..."

ಬಾಯಿ ತಪ್ಪಿ ಬಂದುಬಿಟ್ಟಿತ್ತು ಮಾತು.

ಶಶಿಕಾಂತ ಅವನನ್ನು ತಳ್ಳಿ ಒಳಗೆ ನುಗ್ಗಿದ. ಎಸಿ ಗುಂಯ್ ಅನ್ನುತ್ತಿತ್ತು. ಮಂಚದ ಮೇಲೆ ಸಾಹೇಬರ ಹೆಣ. ಪಕ್ಕದಲ್ಲಿ ಶಾಯಿ ಪ್ಯಾಡು, ಬಂಗಲೆ ಭೀಮರಾಯನಿಗೆ ಅಂತ ಬರೆದ ಕಾಗದ. ಕಾಗದಕ್ಕೆ ನಡೆಯುವುದು ಎಡಗೈ ಹೆಬ್ಬೆಟ್ಟು, ಅದೊಂದೇ ಬಾಕಿ. ಆದರೆ ಎಡಗೈ ಮುಷ್ಟಿ ಬಿಗಿದಿತ್ತು, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಬೆರಳ ಮೇಲೆಲ್ಲ ಎಳೆದಾಡಿದ ತರಚು ಗಾಯ. ಸಂಜೆಯೆಲ್ಲ ತಿಣುಕಿದರೂ ಕಾರಭಾರಿಗೆ ಅದನ್ನು ಬಿಚ್ಚಲಾಗಿರಲಿಲ್ಲ.

ಹುಡುಗ ಮಂಡಿಯೂರಿ ಆ ಮುಷ್ಟಿ ಹಿಡಿದುಕೊಂಡ. "ಅಜ್ಜಾ... ಮೈಂ ಆ ಗಯಾ. ನಾ... ನಾನು ಬಂದೀನಿ."

ಕಟ್... ಕಟ್... ಒಂದೊಂದೇ ಬೆರಳು ತಾನಾಗಿ ಬಿಚ್ಚಿಕೊಂಡಿತು.

ಬೆಳಗಾಗುವುದರೊಳಗೆ ಭೀಮರಾಯ ನಾಪತ್ತೆ. ಬಂಗಲೆ ಶಶಿಕಾಂತನಿಗೇ ಉಳಿಯಿತು, ಈಗಲೂ ಅಲ್ಲೇ ಇದ್ದಾನೆ. ಡಾಕ್ಟರು ಬಂದು ನೋಡಿ, ಜೀವ ಮಧ್ಯಾಹ್ನವೇ ಹೋಗಿದೆ ಅಂದರು. ನೀಲಾಬಾಯಿ ಅದಕ್ಕೆ ಎದುರಾಡಲಿಲ್ಲ. ಆದರೆ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ, ಸುಳ್ಳು ಹೇಳುವ ಹೆಂಗಸಲ್ಲ ಆಕೆ... ಬೆರಳು ಬಿಚ್ಚಿದ ಮೇಲೆ ಆಕೆಯೂ ಮುಟ್ಟಿ ನೋಡಿದ್ದಳಂತೆ. ಮೈಯೆಲ್ಲ ಮಂಜುಗಡ್ಡೆ.

ಆ ಅಂಗೈ ಒಂದೇ ಬೆಚ್ಚಗಿತ್ತು.