ಲಿಯಾನ್‌ನಲ್ಲಿ ಸಾಯಬಹುದು

ಲುದ್ವಿಕಾಳ ಕಾದಂಬರಿಯಲ್ಲಿ ಲೊಡ್ಜ್ ಊರಿನ ಗಿರಣಿಯ ಹೆಣ್ಣೊಬ್ಬಳು ಹಸಿವಿನಿಂದ ಸಾಯುವ ಅಧ್ಯಾಯವನ್ನು ಪೋಲರ ನಾಡನ್ನು ಆಳುತ್ತಿದ್ದ ರಷ್ಯದ ತ್ಸಾರನ ಸೆನ್ಸಾರ್ ಅಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ವಾರ್ಸಾದ ಆ ಕಚೇರಿಯ ಬೆಂಚಿನಲ್ಲಿ ಅವಳೂ ಅವಳ ಕಾದಂಬರಿಯನ್ನು ಕಂತುಕಂತಾಗಿ ಅಚ್ಚುಹಾಕುವ ಪತ್ರಿಕೆಯ ಸಂಪಾದಕನೂ ನನ್ನ ಬರಹದ ಸರದಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ ಕೂತಿದ್ದರು.

“ಊರಿನ ಹೆಸ್ರು ಲಿಯಾನ್ ಅಂತ ಮಾಡಮ್ಮ. ಫ್ರಾನ್ಸಲ್ಲಿ ಸತ್ರೆ ಇವ್ರು ತಲೆ ಕೆಡಿಸ್ಕೊಳ್ಳಲ್ಲ.”

“ಫ್ರೆಂಚರ ಕಾದಂಬರೀಲಿ ಫ್ರೆಂಚ್ ಬಡವ್ರು ಸಾಯ್ತಾರೆ, ರಷ್ಯನ್ನರದ್ರಲ್ಲಿ ರಷ್ಯನ್ನರು. ಪೋಲರು ಎಲ್ಲಿ ಸಾಯ್ಬೇಕು ಸಂಪಾದಕ್ರೇ?”

“ಹಾಗಾದ್ರೆ ಇಂಗ್ಲಿಷರ ಥರ ಮದ್ವೆ ಮಾಡ್ಸಿ ಮುಗಿಸು.”

“ಯಾರ ಜೊತೆ? ಗಿರಣಿ ಯಜಮಾನನ ಜೊತೆನಾ?”

“ನಂಗೂ ಸಾಕಾಗಿದೆ ತಾಯಿ. ಹೊಡೆದ ಜಾಗ ಖಾಲಿ ಬಿಟ್ಟು ಅಚ್ಚು ಹಾಕೋಕೂ ಇವ್ರು ಒಪ್ಪಲ್ಲ. ತಿದ್ದದಿದ್ರೆ ಧಾರಾವಾಹಿ ಇವತ್ತೇ ನಿಂತೋಗುತ್ತೆ. ತಗೋ ಪೆನ್ನು.”

ಅವಳು ಹಾಳೆಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಎದ್ದಳು.

“ಧಾರಾವಾಹಿ ನಿಲ್ಲಲಿ. ಆ ಗಿರಣಿ ಹೆಣ್ಣು ಮಾರಿಸ್ಯಾ ನಿಜವಾಗ್ಲೂ ಸತ್ತಿದ್ದು ಲೊಡ್ಜ್‌ನಲ್ಲಿ, ನಮ್ಮ ಪಕ್ಕದ ಮನೇಲಿ. ನಾನು ತಿದ್ದಲ್ಲ.”