ಅಕ್ಕನ ಹೆಸರು ಎಲ್ಲಿ ಬರೀಲಿ?

ನೋಂದಣಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಾಕೆಗೆ ಗಿರಾಕಿಗಳ ಕಾಗದ ಓದುವ ಚಟವಿರಲಿಲ್ಲ. ಅವರ ಮಾತು ಕೇಳುವ ಚಟ ಮಾತ್ರ ಬಿಟ್ಟಿರಲಿಲ್ಲ. ಅವತ್ತು ಅಕ್ಕ-ತಮ್ಮ ಇಬ್ಬರು ಬಂದು ಗಾಜಿನ ಮೇಜಿನ ಮೇಲೆ ಎರಡು ಹಾಳೆ ಹರಡಿದರು.

“ಅಕ್ಕಾ, ಅಪ್ಪ ಹೋದ್ಮೇಲೆ ಮನೆ ನನ್ನ ಹೆಸರಿಗೆ ಮಾಡಿಸ್ಬೇಕಲ್ಲ. ನಿಂಗೆ ಪಾಲು ಬೇಡ ಅಂತ ಈ ಬಿಡುಗಡೆ ಪತ್ರಕ್ಕೊಂದು ಸೈನ್ ಹಾಕ್ಬಿಡು.”

“ಆ ಇನ್ನೊಂದು ಏನೋ?”

“ನಮ್ಮ ವಂಶವೃಕ್ಷ. ನಾನೇ ಬರ್ದಿದ್ದು.”

“ಅಪ್ಪ, ಅಮ್ಮ, ಆಮೇಲೆ ನೀನೊಬ್ನೇ. ನಾನೆಲ್ಲೋ?”

“ನಿಂಗೆ ಮದುವೆ ಆಯ್ತಲ್ಲ, ಅದಕ್ಕೇ ಬರೀಲಿಲ್ಲ.”

“ನಿಂಗೂ ಆಯ್ತಲ್ಲೋ!”

“ನಾನು ಗಂಡ್ಮಗ ಕಣಕ್ಕಾ.”

“ಇದರ ಪ್ರಕಾರ ನಾನು ಅಪ್ಪನ ಮಗಳೇ ಅಲ್ಲ. ದಾರೀಲಿ ಹೋಗೋಳ ಹತ್ರ ಅದ್ಯಾವ ಪಾಲು ಬಿಡಿಸ್ಕೋತೀಯಪ್ಪಾ?”

ತಮ್ಮ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ ತಲೆ ಕೆರೆದುಕೊಂಡ.

“ಸರಿ, ನನ್ನ ಹೆಸರಿನ ಕೆಳಗೆ ಸೇರಿಸ್ತೀನಿ.”

“ಕೆಳಗಾ? ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದೋಳು ನಾನು. ಮೇಲೆ ಬರಿ.”

“ಮೇಲೆ ಜಾಗ ಎಲ್ಲಿದೆ?”

ಅಂಗಡಿಯಾಕೆ ಹೊಸ ಹಾಳೆಯೊಂದನ್ನು ಅವನ ಮುಂದೆ ತಳ್ಳಿದಳು. ಅವನು ಬರೆದು ಮುಗಿಸುವವರೆಗೂ ಅಕ್ಕ ಬಿಡುಗಡೆ ಪತ್ರದಿಂದ ಗಾಳಿ ಬೀಸಿಕೊಂಡಳು.

“ಎಷ್ಟು ಕಾಪಿ?” ಎಂದು ಅಂಗಡಿಯಾಕೆ ಕೇಳಿದಳು.

“ಒಂದು ಸಾಕು,” ಎಂದ ತಮ್ಮ.

“ಎರಡು,” ಎಂದಳು ಅಕ್ಕ. “ಅವನಿಗೊಂದು, ನಂಗೊಂದು.”

ಇಬ್ಬರೂ ರಸ್ತೆ ದಾಟಿದರು, ಅಕ್ಕ ಮುಂದೆ, ತಮ್ಮ ಹಿಂದೆ. ಸಹಿಯಿಲ್ಲದ ಬಿಡುಗಡೆ ಪತ್ರ ಮಾತ್ರ ಗಾಜಿನ ಮೇಲೇ ಉಳಿಯಿತು.